ನೀರಿಲ್ಲದ ವರ್ಷ ಹಸಿರು, ನೀರು ಬಂದ ವರ್ಷ ಹಳದಿ

ನಾವು ಹರದೇಶಿ-ನಾಗೇಶಿ ಹಾಡುವ ಮಂದಿ. ರಾತ್ರಿ ಊಟ ಆದ ಮ್ಯಾಲ ಶುರುವಾದ ಹಾಡು ಬೆಳ್ಳಿ ಮೂಡುವ ತನಕ ನಡೀತದ. ಒಂದು ಮೇಳದವರು ಸವಾಲು ಹಾಕತಾರ, ಇನ್ನೊಂದು ಮೇಳದವರು ಜವಾಬು ಕೊಡಬೇಕು. ಜವಾಬು ಸಿಗಲಿಲ್ಲ ಅಂದರ ಆ ಸವಾಲು ಗಂಟು ಕಟಗೊಂಡು ಮನಿಗೆ ಬರಬೇಕು, ಮುಂದಿನ ಜಾತ್ರಿಯೊಳಗ ಬಿಚ್ಚಬೇಕು. ಹಂಗ ಒಂದು ಸವಾಲು ಮೂವತ್ತೈದು ವರ್ಷ ನನ್ನ ಗಂಟಿನೊಳಗೇ ಇತ್ತು. ಅದನ್ನು ಯಾವ ಮೇಳದವರೂ ಹಾಕಿದ್ದಲ್ಲ, ನಮ್ಮ ಅವ್ವ ಹಾಕಿದ್ದು.

"72ರ ಬರದಾಗ ಕುಡ್ಯಾಕ ನೀರಿರಲಿಲ್ಲ, ಆವಾಗ ಈ ಗುಲಾಬಿ ಹಸರಿತ್ತು. ಈಗ ಮನಿ ಮುಂದ ನೀರು ಬಂದದ. ಈಗ್ಯಾಕ ಹಳದಿ ಆತೋ ತಮ್ಮಾ?"

ವಾಚನಾಲಯದ ಹುಡುಗರು ಬಂದು, ಇತಿಹಾಸದ ಲೇಖನ ಬರದು ಕೊಡ್ರಿ ಕಾಕಾ ಅಂದರು. ಅಕ್ಕಲಕೋಟ ಸಂಸ್ಥಾನ, ಭೋಸಲೆ ಅರಸರು, ಸೊನ್ನಲಿಗೆಯ ಸಿದ್ಧರಾಮ ಕೆರಿ ಕಟ್ಟಿಸಿದ್ದು, ಇವನ್ನೆಲ್ಲ ನಮ್ಮ ಮಾಸ್ತರರು ನನಗಿಂತ ಚಂದ ಬರೀತಾರ. ನಾ ಏಳನೇತ್ತಾ ಕಲಿತವ. ನನಗ ಗೊತ್ತಿದ್ದ ಇತಿಹಾಸ ನಮ್ಮ ಅಂಗಳದ್ದು. ಅದನ್ನೇ ಬರದೀನಿ.

ನಾ ಸಣ್ಣವ ಇದ್ದಾಗ ನಮ್ಮ ಅಂಗಳದೊಳಗ ಒಂದು ಗಾವಠಿ ಗುಲಾಬಿ, ಎರಡು ದಾಸಾಳ, ಒಂದು ಮಲ್ಲಿಗಿ ಬಳ್ಳಿ, ಗ್ವಾಡಿ ಗುಂಟ ಅಬ್ಬಲಿಗಿ ಇದ್ದವು. ಹೂವು ಮಾರಲಿಕ್ಕಲ್ಲ. ಸೋಮವಾರ ಗುಡಿಗೆ, ಅಮಾಸಿಗೆ ಹೊಲಕ್ಕ, ಹೆಣ್ಣುಮಕ್ಕಳ ತಲಿಗೆ. ಗಿಡಕ್ಕ ಗೊಬ್ಬರ ಅಂತ ಯಾರೂ ಬ್ಯಾರೆ ತರುತ್ತಿರಲಿಲ್ಲ. ಬಚ್ಚಲದ ನೀರು ಒಂದು ಕಾಲಿವಿ ಹಿಡದು ಗುಲಾಬಿ ಬುಡಕ್ಕ ಹೋಗತಿತ್ತು. ಮುಸರಿ ನೀರು ದಾಸಾಳಕ್ಕ. ವರ್ಷಕ್ಕ ಒಮ್ಮೆ, ತಿಪ್ಪಿ ಗೊಬ್ಬರ ಹೊಲಕ್ಕ ಹೊಡೀವಾಗ, ಅವ್ವ ಗಾಡಿಯಿಂದ ಎರಡು ಬುಟ್ಟಿ ಇಳಿಸಿಕೊಳ್ಳುತ್ತಿದ್ದಳು. ಅಪ್ಪ ಬೈಯುತ್ತಿದ್ದ, ಆಕಿ ಕೇಳುತ್ತಿರಲಿಲ್ಲ.

1972ರಾಗ ಮಳಿ ಹೋತು. ಅದರ ಹಿಂದಿನ ವರ್ಷವೂ ಸರಿಯಾಗಿ ಆಗಿರಲಿಲ್ಲ. ನನಗಾಗ ಹನ್ನೆರಡು ವರ್ಷ. ಸೊಲ್ಲಾಪುರ ಜಿಲ್ಲಾದ ಊರೂರಿಗೆ ದುಷ್ಕಾಳದ ಕೆಲಸ ತೆಗೆದರು. ಅವ್ವ ರಸ್ತೆ ಮ್ಯಾಲ ಖಡಿ ಒಡಿಯಾಕ ಹೋಗುತ್ತಿದ್ದಳು. ನಮಗ ಸುಕಡಿ ಕೊಡುತ್ತಿದ್ದರು, ರೇಷನ್ನಿನೊಳಗ ಕೆಂಪು ಮಿಲೋ ಜೋಳ. ಆ ಮಿಲೋದ ರೊಟ್ಟಿ ತಿಂದವರು ಈ ಊರಾಗ ಇನ್ನೂ ಕೆಲವರು ಇದ್ದಾರ, ಅವರನ್ನ ಕೇಳ್ರಿ. ಊರ ಬಾವಿಯ ತಳ ಕಂಡಿತ್ತು. ರಾತ್ರಿ ಹೊತ್ತು ಬಾವಿ ಒಳಗಿಳಿದು ತಂಬಿಗಿಲೆ ನೀರು ತುಂಬಿ ಮ್ಯಾಲ ಕಳಿಸುತ್ತಿದ್ದರು.

ಅಂಥಾದ್ದರಾಗ ಆ ಗುಲಾಬಿ ಬದುಕಿತು. ಮುಖ ತೊಳೆದ ನೀರು, ಅಕ್ಕಿ-ಬ್ಯಾಳಿ ತೊಳೆದ ನೀರು, ಕೂಸಿಗೆ ಎರೆದ ನೀರು, ಎಲ್ಲಾ ಒಂದು ಪರಾತದೊಳಗ ಹಿಡದು ಸಂಜಿಗೆ ಒಮ್ಮೆ ಅದರ ಬುಡಕ್ಕ. ದಾಸಾಳ ಒಂದು ಸತ್ತಿತು, ಮಲ್ಲಿಗಿ ಒಣಗಿ ಮುಂದ ಚಿಗುರಿತು. ಗುಲಾಬಿ ಮಾತ್ರ ಸಣ್ಣ ಸಣ್ಣ ಎಲಿ, ಆದರ ಗಿಣಿ ಬಣ್ಣ. ಆ ವರ್ಷ ಯುಗಾದಿಗೆ ಎರಡು ಹೂ ಬಿಟ್ಟಿತ್ತು.

ಬರ ಹೋತು, ಮಳಿ ಬಂತು. ಬೋರು ಕೊರಿಯುವ ಗಾಡಿಗಳು ಊರೂರು ತಿರುಗಿದವು. 1979ರಾಗ ನಮ್ಮ ಓಣಿಗೆ ಕೈಪಂಪು ಬಂತು. ಅದರ ಮೊದಲನೇ ಕೊಡದ ನೀರಿಗೆ ಹೆಣ್ಣುಮಕ್ಕಳು ಅರಿಷಿಣ ಕುಂಕುಮ ಏರಿಸಿದ್ದು ನನ್ನ ಕಣ್ಣ ಮುಂದ ಅದ. ಅವ್ವ ಬರದಾಗಿನ ಋಣ ತೀರಿಸುವವರಂಗ ದಿನಾ ಎರಡು ಕೊಡ ಗುಲಾಬಿಗೆ ಸುರಿದಳು.

ಮೂರು ವರ್ಷದೊಳಗ ತುದಿಯ ಎಲಿ ಹಳದಿ ಆದವು. ನರ ಮಾತ್ರ ಹಸಿರು, ನಡುವಿನ ಜಾಗ ಎಲ್ಲಾ ಹಳದಿ, ಬಲಿ ಹಾಸಿದಂಗ. ಬರಬರುತ್ತ ಹೊಸಾ ಎಲಿ ಹುಟ್ಟುವಾಗಲೇ ಬೆಣ್ಣಿ ಬಣ್ಣ. ಬುಡದ ಹಳೇ ಎಲಿ ಹಸಿರೇ ಇದ್ದವು. ಈ ಮಾತು ನೆನಪಿಡ್ರಿ, ಮುಂದ ಬೇಕಾಗತದ.

ಓಣಿಯ ಮುದುಕಿಯರು "ಗಿಡಕ್ಕ ಕಾಮಾಣಿ ಆಗೇದ" ಅಂದರು. ಒಬ್ಬಾಕಿ ದೃಷ್ಟಿ ಅಂದಳು, ಹಳೇ ಚಪ್ಪಲಿ ಕಟ್ಟಿಸಿದಳು. ಒಲಿ ಬೂದಿ ಹಾಕು ಅಂದರು, ಹಾಕಿದಿವಿ. ನಾ ಆಗ ಹೊಸಾ ರೈತ, ಯೂರಿಯಾದ ರುಚಿ ಕಂಡವ. ಜೋಳಕ್ಕ ಹಾಕಿದರ ನಾಲ್ಕು ದಿನದಾಗ ಕಪ್ಪಾಗತಿತ್ತು. ಒಂದು ಹಿಡಿ ಗುಲಾಬಿಗೂ ಹಾಕಿದೆ. ಗಿಡ ಸ್ವಲ್ಪ ಉದ್ದ ಆತು, ಹಳದಿ ಮತ್ತಷ್ಟು ಹೆಚ್ಚಾತು. ಪ್ಯಾಟಿಯ ಒಂದು ಗೊಬ್ಬರದ ಅಂಗಡಿಯವನಿಗೆ ಕೇಳಿದೆ. ಎಲಿ ತರಲಿಲ್ಲ, ಮಣ್ಣು ಕೇಳಲಿಲ್ಲ, "ಡಿಎಪಿ ಹಾಕ್ರಿ" ಅಂದ. ಹಾಕಿದೆ. 1983ರ ಬ್ಯಾಸಿಗಿಯೊಳಗ ಗಿಡ ಸತ್ತಿತು. ಅವ್ವ ಏನೂ ಅನ್ನಲಿಲ್ಲ. ಆ ಸವಾಲು ಮಾತ್ರ ಆಗಾಗ ಕೇಳುತ್ತಿದ್ದಳು, ಬೈಯಲಿಕ್ಕಲ್ಲ, ತಿಳಕೊಳ್ಳಲಿಕ್ಕೆ.

ಇನ್ನ ಹಳದಿ ಎಲಿಯ ಹಳೇ ಇತಿಹಾಸಕ್ಕ ಬರೋಣ. ಇದು ನಮ್ಮ ಅಂಗಳದಾಗ ಹುಟ್ಟಿದ ರೋಗ ಅಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯೊಳಗ ಗಿಡದ ರೋಗದ ಗುರುತು ಹೇಳುವಾಗ ಮೊದಲು ಹೇಳಿದ್ದೇ ಎಲಿ ಬೆಳ್ಳಗಾಗೋದು. ಅದಕ್ಕ ಪಾಂಡು ಅನ್ನುವ ಶಬ್ದ ಹಚ್ಚಿದ. ಚಳಿ, ಗಾಳಿ, ಬಿಸಲಿನಿಂದ ಇದು ಬರತದ, ಕೆಟ್ಟ ಭಾಗ ಕತ್ತರಿಸಿ ತೆಗೆದು, ವಾಯುವಿಳಂಗ, ತುಪ್ಪ, ಕೆಸರು ಕೂಡಿಸಿ ಬಳದು, ಹಾಲು ಬೆರೆಸಿದ ನೀರು ಹಾಕಬೇಕು ಅಂತ ಅವನ ಉಪಾಯ. ಸುರಪಾಲನ ವೃಕ್ಷಾಯುರ್ವೇದದೊಳಗ ಎಲಿ ಹಳದಿ ಆಗೋದು ಪಿತ್ತದ ಲಕ್ಷಣ. ನಮ್ಮ ಕನ್ನಡದಾಗೂ ಚಾವುಂಡರಾಯ ಅನ್ನುವ ಕವಿ, ಚಾಲುಕ್ಯರ ಜಯಸಿಂಹನ ಕಾಲದೊಳಗ, ಸುಮಾರು 1025ರಾಗ ಲೋಕೋಪಕಾರ ಅಂತ ಬರದ. ಅದರಾಗೂ ವೃಕ್ಷಾಯುರ್ವೇದದ ಒಂದು ಅಧ್ಯಾಯ ಅದ. ನಾವಿರುವ ಈ ನೆಲ ಆಗ ಚಾಲುಕ್ಯರದೇ. ಸಾವಿರ ವರ್ಷದ ಹಿಂದ ಗಿಡದ ಬ್ಯಾನಿ ಬಗ್ಗೆ ಕನ್ನಡದಾಗ ಬರೆಯುವವರಿದ್ದರು ಅನ್ನೋದು ನನಗ ಭಾಳ ಹೆಮ್ಮಿ.

ಓಣಿಯ ಮುದುಕಿ ಕಾಮಾಣಿ ಅಂದಳು, ಸುರಪಾಲ ಪಿತ್ತ ಅಂದ. ಎರಡೂ ಒಂದೇ ಮಾತು. ನಾವು ಆಕಿಗೆ ನಕ್ಕಿದ್ದಿವಿ. ಆದರ ಒಂದು ವಿಚಿತ್ರ ನೋಡ್ರಿ. ಮನುಷ್ಯಾಗ ಪಾಂಡುರೋಗ ಬಂದರ, ಅಂದರ ರಕ್ತ ಕಡಿಮಿ ಆಗಿ ಮೈ ಬೆಳ್ಳಗಾದರ, ನಮ್ಮ ವೈದ್ಯರು ಲೋಹಭಸ್ಮ, ಮಂಡೂರ ಕೊಡುತ್ತಿದ್ದರು. ಅಂದರ ಕಬ್ಬಿಣ. ಗಿಡದ ಬ್ಯಾನಿಗೂ ಪಾಂಡು ಅಂತಲೇ ಹೆಸರಿಟ್ಟರು. ಗಿಡಕ್ಕ ಹಾಲು ಹಾಕಿದರು, ತುಪ್ಪ ಹಾಕಿದರು. ಕಬ್ಬಿಣ ಕೊಟ್ಟು ನೋಡಿ ಅದನ್ನು ಬರದಿಟ್ಟವ ಯೂಸೆಬ್ ಗ್ರಿ ಅನ್ನುವ ಫ್ರೆಂಚ್ ಮನುಷ್ಯ. 1843-44ರ ಹೊತ್ತಿಗೆ ಅವ ಹಳದಿ ಬಿದ್ದ ಗಿಡಗಳಿಗೆ ಕಬ್ಬಿಣದ ಉಪ್ಪಿನ ನೀರು ಹಾಕಿದ, ಎಲಿಗೆ ಹಚ್ಚಿದ. ಹಚ್ಚಿದಲ್ಲಿ ಹಸಿರು ತಿರುಗಿ ಬಂತು. ಅವನ ಮಗ ಆರ್ಥರ್ ಗ್ರಿ ಮುಂದ ಸೂಕ್ಷ್ಮದರ್ಶಕ ಹಿಡದು ಎಲಿಯ ಒಳಗ ಹಸಿರು ಕಾಳುಗಳು ಹೆಂಗ ಕೆಡತಾವ, ಹೆಂಗ ತುಂಬತಾವ ಅನ್ನೋದನ್ನು ನೋಡಿದ. ಆ ಬ್ಯಾನಿಗೆ ಇಂಗ್ಲಿಷ್‌ನಾಗ ಕ್ಲೋರೋಸಿಸ್ ಅಂತಾರ. ಆ ಕಾಲಕ್ಕ ಯುರೋಪಿನಾಗ ಹರೇದ ಹುಡುಗಿಯರಿಗೆ ರಕ್ತ ಕಡಿಮಿ ಆಗಿ ಮುಖ ಬಿಳಚಿಕೊಂಡರೂ ಅದೇ ಹೆಸರು, ಅದಕ್ಕೂ ಕಬ್ಬಿಣದ ಗುಳಿಗಿಯೇ ಔಷಧ. ಈಗ ನಮ್ಮ ಸಾಲಿಯೊಳಗ ಹುಡುಗಿಯರಿಗೆ ವಾರಕ್ಕೊಂದು ಗುಳಿಗಿ ಕೊಡತಾರಲ್ಲ, ಅದೂ ಅದೇ.

ಗ್ರಿ ಹಾಕಿದ ಉಪ್ಪು ಯಾವುದು ಅಂತೀರಿ? ನಮ್ಮ ಊರಿಗೆ ಅದೇನು ಹೊಸದಲ್ಲ. ಹೀರಾಕಸ. ಕನ್ನಡದಾಗ ಅನ್ನಭೇದಿ. ಅಳಲೆಕಾಯಿ ಕುದಿಸಿ ಅದಕ್ಕ ಹೀರಾಕಸ ಹಾಕಿದರ ಕಪ್ಪು ಶಾಯಿ. ಬಟ್ಟಿಗೆ, ತೊಗಲಿಗೆ ಕರೀ ಬಣ್ಣ ಹಾಕುವವರ ಮನಿಯಾಗೂ ಅದು ಇರತಿತ್ತು. ನಮ್ಮ ಅಜ್ಜನ ಕಾಲಕ್ಕ ಕುಲಕರ್ಣಿಯವರ ಮನಿಯ ಶಾಯಿ ಮಡಿಕಿಯೊಳಗ ಇದ್ದದ್ದೂ ಅದೇ ಅಂತ ಅಪ್ಪ ಹೇಳತಿದ್ದ. ನಮ್ಮ ಸಾಲದ ಲೆಕ್ಕ ಬರದದ್ದು ಅದೇ ಕಬ್ಬಿಣದಿಂದ. ನಮ್ಮ ಗುಲಾಬಿಗೆ ಬೇಕಾದ ಔಷಧ ಅರ್ಧ ಹರದಾರಿ ದೂರದಾಗ ಗೂಡಿನೊಳಗ ಇತ್ತು. ಯಾರಿಗೂ ಗೊತ್ತಿರಲಿಲ್ಲ.

ಎಲಿಯ ಹಸಿರಿಗೆ ಪತ್ರಹರಿತ್ತು ಅಂತ ಮಾಸ್ತರರು ಕಲಸತಾರ. ಅದರ ನಡುವ ಕೂತದ್ದು ಕಬ್ಬಿಣ ಅಲ್ಲ, ಮೆಗ್ನೀಸಿಯಂ. ಇದನ್ನು ಜರ್ಮನಿಯ ವಿಲ್‌ಸ್ಟ್ಯಾಟರ್ ತೋರಿಸಿದ, ಆ ಕೆಲಸಕ್ಕ 1915ರಾಗ ನೊಬೆಲ್ ಬಹುಮಾನ ಬಂತು. ಹಂಗಿದ್ದರ ಕಬ್ಬಿಣ ಯಾಕ ಬೇಕು? ನಾನೂ ಕೇಳಿದೆ. ಮಾಸ್ತರರು ಅಂದರು, "ಗ್ವಾಡಿಯೊಳಗ ಗೌಂಡಿ ಇರತಾನೇನು? ಇರಂಗಿಲ್ಲ. ಆದರ ಗೌಂಡಿ ಇಲ್ಲದ ಗ್ವಾಡಿ ಏಳತದೇನು?" ಕಬ್ಬಿಣ ಅಂದರ ಹಸಿರು ಕಟ್ಟುವ ಗೌಂಡಿ.

ಗೊಬ್ಬರದ ಇತಿಹಾಸ ಹೇಳುವವರು ಎಲ್ಲಾರೂ ಲೀಬಿಗ್‌ನ ಹೆಸರು ಹೇಳತಾರ. 1840ರಾಗ ಅವ ಬರದ ಪುಸ್ತಕದಿಂದ ಗಿಡ ಮಣ್ಣಿನೊಳಗಿನ ಉಪ್ಪುಗಳನ್ನು ಉಣ್ಣತದ ಅನ್ನೋ ಮಾತು ಜಗತ್ತಿಗೆ ಹಬ್ಬಿತು. ಯಾವುದು ಎಲ್ಲಕ್ಕಿಂತ ಕಡಿಮಿ ಅದನೋ ಅದೇ ಬೆಳಿಯನ್ನು ತಡೀತದ, ಉಳಿದದ್ದು ಎಷ್ಟು ಹಾಕಿದರೂ ವ್ಯರ್ಥ. ಈ ಮಾತು ಅವನಕಿಂತ ಮೊದಲೇ ಸ್ಪ್ರೆಂಗೆಲ್ ಅನ್ನುವವ ಹೇಳಿದ್ದ, ಹೆಸರು ಮಾತ್ರ ಲೀಬಿಗ್‌ಗೆ ಹೋತು. ಹಾಡಿನ ಮೇಳದಾಗೂ ಹಿಂಗೇ ಆಗತದ, ಪದ ಕಟ್ಟಿದವನೊಬ್ಬ, ಹಾಡಿದವನೊಬ್ಬ. ನಾ ಗುಲಾಬಿಗೆ ಯೂರಿಯಾ ಹಾಕಿದ್ದು ಈ ನಿಯಮಕ್ಕ ಉಲ್ಟಾ. ಉಪ್ಪಿಲ್ಲದ ಸಾರಿಗೆ ಬೆಲ್ಲ ಹಾಕಿದಂಗ.

ನಮ್ಮ ದೇಶಕ್ಕ ಫೋಲ್ಕರ್ ಅನ್ನುವ ಇಂಗ್ರೇಜಿ ರಸಾಯನಶಾಸ್ತ್ರಿ 1889ರಾಗ ಬಂದು ಊರೂರು ತಿರುಗಿ, 1893ರಾಗ ವರದಿ ಕೊಟ್ಟ. ಇಲ್ಲಿಯ ರೈತರು ದಡ್ಡರಲ್ಲ, ಕಟ್ಟಿಗಿ ಇಲ್ಲದ್ದಕ್ಕ ಸಗಣಿಯನ್ನು ಕುಳ್ಳು ಮಾಡಿ ಸುಡತಾರ, ಅದು ಹೊಲಕ್ಕ ಹೋಗಬೇಕಾದದ್ದು ಅಂತ ಬರದ. ನೂರಾ ಮೂವತ್ತು ವರ್ಷ ಆತು. ನಮ್ಮ ಓಣಿಯ ಗ್ವಾಡಿ ಮ್ಯಾಲ ಕುಳ್ಳು ಇನ್ನೂ ಅವ. 1933ರಾಗ ಸೊಲ್ಲಾಪುರಕ್ಕ ಒಣಬೇಸಾಯದ ಸಂಶೋಧನಾ ಕೇಂದ್ರ ಬಂತು, ಆಚೆ ವಿಜಾಪುರಕ್ಕೂ. ಅಲ್ಲಿ ಜೋಳ, ಒಡ್ಡು, ಮಳಿನೀರಿನ ಕೆಲಸ. ಅಂಗಳದ ಹೂವಿನ ಬಗ್ಗೆ ಯಾರು ಕೇಳಬೇಕು? 1951ರಾಗ ಸಿಂದ್ರಿಯೊಳಗ ಸರಕಾರದ ದೊಡ್ಡ ಗೊಬ್ಬರ ಕಾರ್ಖಾನಿ ಶುರುವಾತು. ನಮ್ಮ ಊರಿಗೆ ಯೂರಿಯಾ ಚೀಲ ಬಂದದ್ದು ಬರ ಮುಗಿದ ಮ್ಯಾಲ. ಚೀಲ ಬಂದ ಮ್ಯಾಲ ತಿಪ್ಪಿ ಸಣ್ಣದಾತು, ದನ ಕಡಿಮಿ ಆದವು, ಅವ್ವನ ಎರಡು ಬುಟ್ಟಿಯೂ ನಿಂತವು. ಗಿಡಕ್ಕ ಕಣ್ಣಿಗೆ ಕಾಣದ ಸಣ್ಣ ಸಣ್ಣ ಪೋಷಕಾಂಶವೂ ಬೇಕು ಅನ್ನೋದು ರೈತರಿಗೆ ಮುಟ್ಟಿದ್ದು ಇನ್ನೂ ತಡ. ಉತ್ತರದ ತರಾಯಿಯಲ್ಲಿ ಭತ್ತಕ್ಕ ಬರುತ್ತಿದ್ದ ಖೈರಾ ಅನ್ನುವ ಬ್ಯಾನಿ ಜಿಂಕಿನ ಕೊರತಿ ಅಂತ ಪಂತನಗರದ ನೆನೆ ಅನ್ನುವ ವಿಜ್ಞಾನಿ 1966ರಾಗ ತೋರಿಸಿದರು. ಅದೇ ನೆನೆಯವರು ಮುಂದ ಸುರಪಾಲನ ವೃಕ್ಷಾಯುರ್ವೇದವನ್ನು ಅಚ್ಚು ಹಾಕಿಸಿ ಹೊರಗ ತಂದರು. ಹೊಸದನ್ನು ಕಂಡವರೇ ಹಳೇದನ್ನೂ ಹುಡುಕಿದರು ನೋಡ್ರಿ.

ನನ್ನ ಗಂಟು ಬಿಚ್ಚಿದ್ದು 2016ರಾಗ. ಅದರ ಹಿಂದಿನ ವರ್ಷ ಸರಕಾರ ಮಣ್ಣಿನ ಆರೋಗ್ಯ ಕಾರ್ಡ್ ಶುರು ಮಾಡಿತ್ತು. ಮನಿಗೆ ಹತ್ತಿದ ತುಂಡು ಹೊಲದ ಮಣ್ಣು ಕೊಟ್ಟಿದ್ದೆ. ಕಾರ್ಡು ಬಂತು, ಮರಾಠಿಯೊಳಗ. "ಸಾಮು 8.4, ಲೋಹ ಕಮಿ." ನಮಗ ಲೋಹ ಅಂದರ ತಾಮ್ರವೂ ಲೋಹ, ಹಿತ್ತಾಳಿಯೂ ಲೋಹ. ಸಾಮು ಅಂದರ ಯಾರ ಹೆಸರೋ ಅಂದುಕೊಂಡೆ. ಕನ್ನಡ ಸಾಲಿಯ ಮಾಸ್ತರರ ಕಡೆ ಒಯ್ದೆ. ಅವರು ಹೇಳಿದರು: ಮರಾಠಿಯಾಗ ಲೋಹ ಅಂದರ ಕಬ್ಬಿಣ, ಸಾಮು ಅಂದರ ಕನ್ನಡದ ರಸಸಾರ. ಏಳು ಅಂದರ ಸಮ. ಅದರ ಮ್ಯಾಲ ಹೋದಂಗ ಮಣ್ಣು ಸುಣ್ಣದ ಕಡೆ, ಕ್ಷಾರದ ಕಡೆ ಹೋಗತದ. ಎಂಟು ದಾಟಿದರ ಕಬ್ಬಿಣ ಗಿಡಕ್ಕ ಸಿಗಂಗಿಲ್ಲ.

"ಅಲ್ರೀ, ಎರಿ ಮಣ್ಣಿನಾಗ ಕಬ್ಬಿಣ ಇಲ್ಲೇನು?" ಅಂದೆ.

"ರಗಡ ಅದ. ಪೆಟಗಿಯಾಗ ರೊಕ್ಕ ಅದ, ಕೀಲಿ ಕಳದದ. ಕೀಲಿ ಹಾಕಿದ್ದು ಸುಣ್ಣ."

ಆವಾಗ ನನಗ ತಂಗಿಯ ನೆನಪಾತು. 1976ರಾಗ ಆಕಿಯನ್ನು ಬಾದಾಮಿ ಕಡೆ ಕೊಟ್ಟಾಗ ಅವ್ವ ಅದೇ ಗುಲಾಬಿಯ ಕಡ್ಡಿ ಕೊಟ್ಟು ಕಳಿಸಿದ್ದಳು. ಅಲ್ಲಿ ಕೆಂಪು ಉಸುಕು ಮಣ್ಣು. ಆ ಗಿಡ ಇವತ್ತಿಗೂ ಅಂಗಳದಾಗ ಹಸರಾಗಿ ನಿಂತದ. ವರ್ಷಾ ನೋಡುತ್ತಿದ್ದೆ, ತಂಗಿಯ ಕೈಗುಣ ಅನ್ನುತ್ತಿದ್ದೆ. ಒಂದೇ ಬಡ್ಡಿಯ ಎರಡು ಗಿಡ. ಒಂದು ಸುಣ್ಣದ ಮಣ್ಣಿನಾಗ ಸತ್ತಿತು, ಒಂದು ಕೆಂಪು ಮಣ್ಣಿನಾಗ ಬದುಕಿತು. ಜವಾಬು ನನ್ನ ಕಣ್ಣ ಮುಂದೇ ಇತ್ತು.

ಹಂಗಾದರ ಬರದಾಗ ಹೆಂಗ ಹಸಿರಿತ್ತು? ಮಣ್ಣು ಅದೇ ಅಲ್ಲೇನು? ಮಣ್ಣು ಅದೇ, ನೀರು ಬ್ಯಾರೆ. ಬೋರಿನ ನೀರಿನಾಗ ಕರಗಿದ ಸುಣ್ಣ ಭಾಳ. ಹಂಡೆದ ತಳಕ್ಕ ಬಿಳಿ ಪದರು ಕಟ್ಟತದಲ್ಲ, ಅದೇ ಗಿಡದ ಬುಡಕ್ಕೂ ಕಟ್ಟತದ. ಆ ನೀರಿನೊಳಗಿನ ಬೈಕಾರ್ಬೊನೇಟು ಬೇರಿಗೆ ಕಬ್ಬಿಣ ಮುಟ್ಟಗೊಡಂಗಿಲ್ಲ. ಮ್ಯಾಲ ದಿನಾ ಎರಡು ಕೊಡ. ಎರಿ ಮಣ್ಣು ನೀರು ಹಿಡಿದರ ಬಿಡಂಗಿಲ್ಲ, ಬೇರಿಗೆ ಗಾಳಿ ಇಲ್ಲ, ಉಸಿರು ಕಟ್ಟಿತು. ಒಲಿ ಬೂದಿ ಹಾಕಿದಿವಿ, ಬೂದಿಯೂ ಕ್ಷಾರವೇ. ಕೆಂಪು ನೆಲದಾಗ ಬೂದಿ ಒಳ್ಳೇದು, ಅಲ್ಲಿಯವರು ಹೇಳಿದ್ದು ಅಲ್ಲಿಗೆ ಖರೆ. ನಮ್ಮಲ್ಲಿ ಅದು ಉರಿಯೋ ಗಾಯಕ್ಕ ಖಾರ. ಡಿಎಪಿಯ ರಂಜಕ ಹೆಚ್ಚಾದರೂ ಕಬ್ಬಿಣ ಕಟ್ಟಿ ಬೀಳತದ. ಅಂದರ ಅವ್ವನ ಪ್ರೀತಿ, ಓಣಿಯವರ ಬೂದಿ, ನನ್ನ ಶ್ಯಾಣೇತನ, ಅಂಗಡಿಯವನ ಡಿಎಪಿ, ನಾಲ್ಕೂ ಕೂಡಿ ಕೊಂದವು. ಆ ಮಾತು ಹೇಳಲಿಕ್ಕ ಅವ್ವ ಆಗ ಇರಲಿಲ್ಲ.

ಈಗ ನಮ್ಮ ಓಣಿಯ ಹೆಣ್ಣುಮಕ್ಕಳು ಕುಂಡ್ಯಾಗ, ಡಬ್ಬಿಯಾಗ ಹೂಗಿಡ ಹಚ್ಚತಾರ, ಎಲಿ ಹರಕೊಂಡು ನನ್ನ ಕಡೆ ಬರತಾರ. ನಾ ಮೊದಲು ಕೇಳೋದು ಒಂದೇ: ಹಳದಿ ಆದದ್ದು ಹಳೇ ಎಲಿಯೋ, ಹೊಸಾ ಎಲಿಯೋ? ಗಿಡ ತಾಯಿ ಇದ್ದಂಗ. ಸಾರಜನಕ ಕಡಿಮಿ ಬಿದ್ದರ ಹಳೇ ಎಲಿಯೊಳಗಿನದನ್ನು ಕರಗಿಸಿ ಹೊಸಾ ಚಿಗುರಿಗೆ ಉಣಸತದ. ಅದಕ್ಕ ಬುಡದ ಎಲಿ ನರ ಸಹಿತ ಪೂರಾ ಹಳದಿ ಆಗಿ ಉದುರತದ, ತುದಿ ಹಸಿರು. ಅದಕ್ಕ ತಿಪ್ಪಿ ಗೊಬ್ಬರ ಸಾಕು. ಮೆಗ್ನೀಸಿಯಂ ಕಡಿಮಿ ಆದರೂ ಹಳೇ ಎಲಿಯೇ, ಆದರ ನರ ಹಸಿರು, ನಡುವ ಹಳದಿ. ಪೊಟ್ಯಾಷ್ ಕಡಿಮಿ ಆದರ ಹಳೇ ಎಲಿಯ ಅಂಚು ಸುಟ್ಟಂಗ. ಕಬ್ಬಿಣಕ್ಕ ಆ ಗುಣ ಇಲ್ಲ. ಒಮ್ಮೆ ಹಳೇ ಎಲಿಯೊಳಗ ಕೂತರ ಅಲ್ಲೇ ಕೂತಿತು, ಏಳಂಗಿಲ್ಲ. ಅದಕ್ಕ ಕಬ್ಬಿಣ ಸಿಗದಿದ್ದರ ತುದಿಯ ಕೂಸು ಎಲಿ ಹಳದಿ, ಬುಡದ ಎಲಿ ಹಸಿರು. ನಾ ಮೊದಲು ನೆನಪಿಡ್ರಿ ಅಂದದ್ದು ಇದೇ. ಗಂಧಕ ಕಡಿಮಿ ಆದರೂ ಹೊಸಾ ಎಲಿ ಹಳದಿ ಆಗತದ, ಆದರ ಅಲ್ಲಿ ನರವೂ ಹಳದಿ.

ಎಲ್ಲಾ ಹಳದಿಯೂ ಹಸಿವಲ್ಲ. ಗುಲಾಬಿ ಎಲಿ ಮ್ಯಾಲ ಕಪ್ಪು ಚುಕ್ಕಿ ಬಿದ್ದು ಸುತ್ತ ಹಳದಿ ಆದರ ಅದು ಬೂಷ್ಟಿನ ರೋಗ. ಎಲಿ ಧೂಳು ಬಡಿದಂಗ ಮಂಕಾಗಿ ಕೆಳಗ ಸಣ್ಣ ಜ್ಯಾಡಿ ಇದ್ದರ ನುಸಿ. ಕುಂಡಿ ತಳಕ್ಕ ತೂತಿಲ್ಲದಿದ್ದರ ಮೊದಲು ತೂತು ಕೊರೀರಿ, ಆಮ್ಯಾಲ ಔಷಧ.

ನಾ ಮಾಡುವ ಉಪಾಯ ಬರದಿಡತೀನಿ. ಒಂದು ಲೀಟರ್ ಮಳಿನೀರಿಗೆ 5 ಗ್ರಾಂ ಹೀರಾಕಸ, 1 ಗ್ರಾಂ ನಿಂಬಿಹುಳಿ ಉಪ್ಪು, ಅಂದರ ಸಿಟ್ರಿಕ್ ಆಸಿಡ್. ಅದು ಇಲ್ಲದಿದ್ದರ ಅರ್ಧ ನಿಂಬಿಹಣ್ಣಿನ ರಸ. ಸಂಜಿಮುಂದ ಎಲಿಯ ಎರಡೂ ಮಗ್ಗಲಿಗೆ ಸಿಂಪಡಿಸಬೇಕು, ಹತ್ತು-ಹನ್ನೆರಡು ದಿನಕ್ಕೊಮ್ಮೆ, ಮೂರು ಸಲ. ಬೋರಿನ ನೀರಿನಾಗ ಕಲಸಿದರ ನೀರು ಅಲ್ಲೇ ಕಂದು ಆಗತದ, ಹಂಗಾದರ ಅದು ಕೆಟ್ಟಿತು, ಚೆಲ್ಲಿಬಿಡ್ರಿ. ಬಟ್ಟಿಗೆ, ಕಟ್ಟಿಗೆ ಬಿದ್ದ ಕಲಿ ಹೋಗಂಗಿಲ್ಲ, ನನ್ನ ಧೋತರ ಸಾಕ್ಷಿ. ಬುಡಕ್ಕ ಬರೇ ಹೀರಾಕಸ ಹಾಕಿದರ ನಮ್ಮ ಮಣ್ಣಿನಾಗ ಸುಣ್ಣ ಅದನ್ನು ನುಂಗತದ. ಒಂದು ಬುಟ್ಟಿ ಕೊಳೆತ ತಿಪ್ಪಿ ಗೊಬ್ಬರದಾಗ ನಾಲ್ಕು ಚಮಚ ಕೂಡಿಸಿ ಹದಿನೈದು ದಿನ ಇಟ್ಟು, ಆಮ್ಯಾಲ ಹಾಕಿದರ ಉಳೀತದ. ತುಕ್ಕು ಮೊಳಿ ಹುಗಿದು ನೋಡೀನಿ, ಏನೂ ಆಗಲಿಲ್ಲ. ಮಣ್ಣಿನಾಗ ಇದ್ದದ್ದೇ ತುಕ್ಕು, ಮತ್ತಷ್ಟು ತುಕ್ಕಿನಿಂದ ಏನಾಗಬೇಕು? ಅಂಗಡಿಯಾಗ ಚಿಲೇಟೆಡ್ ಕಬ್ಬಿಣ ಸಿಗತದ. ಅದರಾಗ ಇಡಿಟಿಎ ಅಂತ ಬರದದ್ದು ಸಿಂಪಡಿಸಲಿಕ್ಕ ನಡೀತದ, ನಮ್ಮ ಸುಣ್ಣದ ಮಣ್ಣಿನಾಗ ಹಾಕಿದರ ನಿಲ್ಲಂಗಿಲ್ಲ. ಇಡಿಡಿಎಚ್ಎ ಅಂತ ಇದ್ದದ್ದು ನಿಲ್ಲತದ, ಕಿಮ್ಮತ್ತು ಕೇಳಿದರ ನಾವೂ ನಿಲ್ಲಂಗಿಲ್ಲ.

ಸಾಲಿ ಹುಡುಗರಿಗೆ ನೆನಪುಳಿಯಲಿ ಅಂತ ಒಂದು ಪದ ಕಟ್ಟೀನಿ. ಮೇಳದಾಗ ಹಾಡೀನಿ ಕೂಡ:

ಕೆಳಗೀನ ಎಲಿ ಹಣ್ಣಾದ್ರ ಹಸಿವೆಂದು ತಿಳಿಯವ್ವ
ತುದಿ ಎಲಿ ಹಳದಿ ಆದಾರ | ನನ ತಂಗಿ
ನೀರೀನ ಸುಣ್ಣ ನೋಡವ್ವ

2017ರ ಮಳಿಗಾಲದಾಗ ತಂಗಿಯ ಮನಿಯಿಂದ ಕಡ್ಡಿ ತಂದೆ. ಒಂದು ಚೀಲ ಕೆಂಪು ಮಣ್ಣನ್ನೂ ಬಸ್ಸಿನ ಮ್ಯಾಲ ಹಾಕಿಕೊಂಡು ಬಂದೆ. ಕಂಡಕ್ಟರ ಅದಕ್ಕೂ ತಿಕೀಟು ತೆಗೆಸಿದ. ಅರ್ಧ ಕೆಂಪು ಮಣ್ಣು, ಅರ್ಧ ತಿಪ್ಪಿ ಗೊಬ್ಬರ ಕೂಡಿಸಿ ದೊಡ್ಡ ಕುಂಡ್ಯಾಗ ಹಚ್ಚೀನಿ. ಪತ್ರಾಸಿನ ಮ್ಯಾಲ ಬಿದ್ದ ಮಳಿನೀರು ಒಂದು ಪಿಪಾಯಿಗೆ ಹಿಡೀತೀನಿ, ಗುಲಾಬಿಗೆ ಅದೇ ನೀರು. ಬ್ಯಾಸಿಗಿಯಾಗ ಪಿಪಾಯಿ ಖಾಲಿ ಆದರ ಅವ್ವ ಮಾಡಿದಂಗ ಅಕ್ಕಿ-ಬ್ಯಾಳಿ ತೊಳೆದ ನೀರು. ಏಪ್ರಿಲ್ ಹೊತ್ತಿಗೆ ತುದಿ ಸ್ವಲ್ಪ ಬೆಳ್ಳಗಾಗತದ, ಎರಡು ಸಲ ಹೀರಾಕಸ ಹೊಡೆದರ ತಿರುಗತದ. ಹೋದ ಸೋಮವಾರ ಗುಡಿಗೆ ಒಯ್ಯೋಣ ಅಂತ ನೋಡಿದರ ನಾಲ್ಕು ಹೂವಿನಾಗ ಮೂರು ಇರಲಿಲ್ಲ. ಬಾಜೂ ಮನಿಯ ಮೊಮ್ಮಗಳು ಹರಕೊಂಡು ತಲಿಯಾಗ ಇಟಗೊಂಡು ಸಾಲಿಗೆ ಹೋಗಿದ್ದಳು.